ಕರಿ ಹರಿದ ಎತ್ತು, ಗಾಲಿ ಕಟ್ಟಿದ ಬಂಡಿ

ಕಾರಹುಣ್ಣಿಮೆಯ ಇಳಿಹೊತ್ತಿಗೆ ಹುನಗುಂದ, ಬಾದಾಮಿ ಸೀಮೆಯ ಹಳ್ಳಿಗಳಲ್ಲಿ ಊರೆಲ್ಲ ಅಗಸಿಯ ಮುಂದೆ ಜಮಾಯಿಸುತ್ತದೆ. ಬೇವಿನ ತಪ್ಪಲು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗವೊಂದನ್ನು ಅಗಸಿಗೆ ಅಡ್ಡಲಾಗಿ ಬಿಗಿದಿರುತ್ತಾರೆ. ಅದೇ ಕರಿ. ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಹಾಕಿದ ಎತ್ತುಗಳು ಊರ ಹೊರಗಿನಿಂದ ಓಡಿ ಬರುತ್ತವೆ. ಹಗ್ಗ ಹಿಡಿದವರು ಜತೆಗೇ ಓಡುತ್ತಾರೆ, ಹಿಂದಿನವರು ಕೂಗಿ ಹುರಿದುಂಬಿಸುತ್ತಾರೆ, ಮಾಳಿಗೆ ಏರಿದ ಹೆಂಗಸರು ಮಕ್ಕಳು ಕೈ ಬೀಸುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಆ ವರ್ಷ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಹರಿದರೆ ಮುಂಗಾರಿ ಪೀಕು ಕೈಹಿಡಿಯುತ್ತದೆ ಎಂಬುದು ಹಿರಿಯರ ಲೆಕ್ಕ. ಓಟ ಮುಗಿಯಲು ಅರೆ ನಿಮಿಷ ಸಾಕು. ಅದರ ಮಾತು ಮಾತ್ರ ಬಿತ್ತಿಗೆಯವರೆಗೂ ಕಟ್ಟೆಯ ಮೇಲೆ ನಡೆದೇ ಇರುತ್ತದೆ.

ನೇರ ದಾರಿ, ಕಡಿಮೆ ದೂರ, ಇಬ್ಬರು ಎದುರಾಳಿಗಳು, ಒಂದು ಗೆರೆ. ಈ ನಾಲ್ಕು ಇದ್ದರೆ ಓಟ ಸಿದ್ಧ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದ ಹುಡುಗರು ತಮ್ಮ ಹಳೆಯ ಕಾರುಗಳನ್ನು ಬಿಚ್ಚಿ ಹಗುರ ಮಾಡಿ, ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸಿ ನೋಡಿದ್ದು ಇದೇ ಹಂಬಲದಿಂದ. ಮುಂದೆ ಅದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರಾಯಿತು, ಕಾಲು ಮೈಲಿ, ಅಂದರೆ ಸುಮಾರು 402 ಮೀಟರು, ಎಂದು ದೂರ ನಿಗದಿಯಾಯಿತು. ಊರ ಬೀದಿಗಳಲ್ಲಿ ರಾತ್ರಿ ಹೊತ್ತು ನಡೆಯುತ್ತಿದ್ದ ಪಂದ್ಯಗಳಿಗೆ ಕಾಯಿದೆಯ ಚೌಕಟ್ಟು ಕೊಡಲು 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಸಂಸ್ಥೆಯೊಂದನ್ನೇ ಕಟ್ಟಿದರು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇಯಲ್ಲೂ ಇಂಥ ಕಾರು, ಬೈಕುಗಳ ಪಂದ್ಯ ನಡೆದದ್ದುಂಟು. ಬಾಗಲಕೋಟೆ ಸೀಮೆಯಲ್ಲಿ ಈ ಆಟದ ಚರಿತ್ರೆಯನ್ನು ಕಾರಿನಲ್ಲಿ ಹುಡುಕಿ ಫಲವಿಲ್ಲ. ಅದು ನೊಗದಲ್ಲಿದೆ, ಗಾಲಿಯಲ್ಲಿದೆ, ಎಲ್ಲಕ್ಕಿಂತ ಮೊದಲು ಎರೆಮಣ್ಣಿನಲ್ಲಿದೆ.

ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಗೊತ್ತು, ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತದೆ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ದಂಡೆಯ ಈ ಕಪ್ಪು ನೆಲದಲ್ಲಿ ಬಂಡಿಯ ಗಾಲಿ ಹೂತರೆ ಅದನ್ನು ಕಿತ್ತು ಮುಂದೆ ತರಲು ಅಸಾಧಾರಣ ಬಲ ಬೇಕು. ಕರಿಕೆಯ ಬೇರನ್ನು ಆಳದಿಂದ ಕೀಳಲು ದೊಡ್ಡ ನೇಗಿಲಿಗೆ ಒಂದರ ಮುಂದೊಂದು ನಾಲ್ಕಾರು ಜೋಡಿ ಹೂಡುತ್ತಿದ್ದರು. ಹೀಗಾಗಿ ಇಲ್ಲಿಯ ರೈತ ಎತ್ತಿನಲ್ಲಿ ಮೊದಲು ನೋಡಿದ್ದು ಜಗ್ಗುವ ತಾಕತ್ತು. ಓಟದ ಮಾತು ಆಮೇಲಿನದು.

ಈ ನೆಲಕ್ಕೆಂದೇ ಒಂದು ತಳಿ ಹುಟ್ಟಿತು. 1876ರ ಧಾತು ಸಂವತ್ಸರದ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ಬಾಗಲಕೋಟೆ ಮತ್ತು ವಿಜಯಪುರದ ಸೀಮೆಯನ್ನು, ಬರಿದು ಮಾಡಿತ್ತು. ಮನುಷ್ಯರಿಗೇ ಕೂಳಿಲ್ಲದ ಕಾಲದಲ್ಲಿ ದನಗಳಿಗೆ ಕಣಕಿ ಎಲ್ಲಿಂದ ಬರಬೇಕು? ಆ ಬರ ಕಳೆದ ಮುಂದಿನ ದಶಕದಲ್ಲಿ ಸಾಂಗ್ಲಿ ಸಂಸ್ಥಾನದ ಪಟವರ್ಧನ ದೊರೆಗಳು ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ಹೋರಿಗಳನ್ನು ಮೈಸೂರು ಬಗೆಯ ಸ್ಥಳೀಯ ದನಗಳೊಂದಿಗೆ ಕೂಡಿಸಿ ಎರೆಭೂಮಿಗೆ ತಕ್ಕ ಭಾರೀ ಮೈಯ ಎತ್ತನ್ನು ಬೆಳೆಸಿದರು. ಅದೇ ಕೃಷ್ಣಾ ಕಣಿವೆ ತಳಿ. ಅಗಲವಾದ ಎದೆ, ದಪ್ಪ ಕೊರಳು, ನಿಧಾನದ ಆದರೆ ಎಡವದ ನಡಿಗೆ ಇದರ ಗುಣ. ಈ ತಳಿಯ ರಕ್ತ ಹಡಗು ಏರಿ ಅಮೆರಿಕಕ್ಕೂ ಹೋಗಿ, ಅಲ್ಲಿಯ ಬ್ರಾಹ್ಮನ್ ದನಗಳ ಮೂಲದಲ್ಲಿ ಸೇರಿಕೊಂಡಿದೆ. ತನ್ನ ಹುಟ್ಟೂರಿನ ಸೀಮೆಯಲ್ಲೇ ಇಂದು ಅದನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಬಂದಿರುವುದು ನೋವಿನ ಸಂಗತಿ.

ಓಟದ ಕಣಕ್ಕೆ ಬಂದದ್ದು ಇನ್ನೊಂದು ತಳಿ, ಕಿಲಾರಿ. ಸೊಲ್ಲಾಪುರ, ಸಾತಾರಾ, ವಿಜಯಪುರದ ಒಣನಾಡಿನಲ್ಲಿ ಬೆಳೆದ ಬಿಳಿ ಮೈ, ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮೇಲೆದ್ದ ಕೋಡು, ತೆಳುವಾದ ಗಟ್ಟಿ ಕಾಲು. ಇದಕ್ಕೆ ಸಿಟ್ಟು ಬೇಗ, ದಣಿವು ತಡ. ಗಟ್ಟಿ ನೆಲದ ಮೇಲೆ ಹಗುರವಾದ ಗಾಡಿ ಹೂಡಿದರೆ ಕಿಲಾರಿ ಜೋಡಿಗೆ ಸಾಟಿಯಿಲ್ಲ. ಕಪ್ಪು ನೆಲದ ಹುನಗುಂದದಲ್ಲೂ ಮಸಬು ನೆಲದ ಇಳಕಲ್ಲು, ಬಾದಾಮಿಯ ಕಡೆಗೂ ಹೊಲದ ಕೆಲಸ ಮುಗಿಸಿ ಜಾತ್ರೆಗೆ ಹೂಡಬಲ್ಲ ಎತ್ತು ಎಂದರೆ ಇದೇ ಎಂದು ಜನ ಒಪ್ಪಿಕೊಂಡರು.

ಎತ್ತಿನಷ್ಟೇ ಗಾಲಿಯೂ ಮುಖ್ಯ. ಹಳೆಯ ಬಂಡಿಯ ಗಾಲಿ ಮಾಡುವುದು ಬಡಿಗೇರ ಮತ್ತು ಕಂಬಾರ ಇಬ್ಬರೂ ಕೂಡಿ ಮಾಡಬೇಕಾದ ಕೆಲಸ. ಬಡಿಗೇರ ಜಾಲಿ ಮರದಲ್ಲಿ ನಡುವಿನ ಗುಂಭ, ಅರೆಕಾಲು, ಸುತ್ತಿನ ವಟ್ಟ ಕೂಡಿಸಿ ಕೊಡುತ್ತಾನೆ. ಆಮೇಲೆ ಹಳಿ ಕಟ್ಟುವ ದಿನ. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಡಿಮೆ ಇಟ್ಟು ಬೆಸೆದಿರುತ್ತಾರೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕೆಂಪಗೆ ಕಾದ ಹಳಿ ಹಿಗ್ಗುತ್ತದೆ. ಮೂರ್ನಾಲ್ಕು ಮಂದಿ ಇಕ್ಕಳದಿಂದ ಅದನ್ನು ಎತ್ತಿ ಗಾಲಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕೂಡಿಸುವಷ್ಟರಲ್ಲಿ ಕಟ್ಟಿಗೆ ಹೊಗೆಯಾಡಿ ಹೊತ್ತಿಕೊಳ್ಳುತ್ತದೆ. ಆ ಕ್ಷಣಕ್ಕೇ ಕೊಡಗಟ್ಟಲೆ ನೀರು ಸುರಿಯಬೇಕು. ಚುಂಯ್ ಎಂದು ಹಬೆ ಏಳುತ್ತಲೇ ಕಬ್ಬಿಣ ಕುಗ್ಗಿ, ಅರೆಕಾಲುಗಳನ್ನೆಲ್ಲ ಗುಂಭದೊಳಕ್ಕೆ ಒತ್ತಿ ಬಿಗಿ ಮಾಡುತ್ತದೆ. ಒಂದು ಗಳಿಗೆ ತಡವಾದರೆ ವಟ್ಟ ಸುಟ್ಟು ಹೋಗುತ್ತದೆ, ಬೇಗ ಮಾಡಿದರೆ ಹಳಿ ಕೂರುವುದಿಲ್ಲ. ಇಂಥ ಗಾಲಿಯನ್ನು ಅಚ್ಚಿಗೆ ಏರಿಸಿ, ಕಡಾಣಿ ಹೊಡೆದು, ಕೀಲೆಣ್ಣೆ ಸವರಿ ತಿರುಗಿಸಿದಾಗ ಬರುವ ನಾದ ಕೇಳಿಯೇ ಬಂಡಿ ಓಡುತ್ತದೋ ತಿಣುಕುತ್ತದೋ ಹೇಳುವ ಮುದುಕರಿದ್ದರು. ಎಂಜಿನ್ನಿನ ಸದ್ದಿಗೆ ಕಿವಿಗೊಡುವ ಮೆಕ್ಯಾನಿಕ್ಕಿನ ಜಾಣತನ ಇದಕ್ಕಿಂತ ಬೇರೆಯದಲ್ಲ.

ಈ ಬಂಡಿಗಳೆಲ್ಲ ಒಂದೇ ದಾರಿಯಲ್ಲಿ ಕೂಡುತ್ತಿದ್ದದ್ದು ಬನಶಂಕರಿ ಜಾತ್ರೆಗೆ. ಬಾದಾಮಿಯಿಂದ ಕೆಲವೇ ಮೈಲಿ ದೂರದ ಚೊಳಚಗುಡ್ಡದ ಬಳಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದರೆ, ಜಾತ್ರೆ ತಿಂಗಳುಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಟೆಂಟು, ದನದ ಸಂತೆ, ಬಾಗಿಲು ಚೌಕಟ್ಟಿನ ವ್ಯಾಪಾರ, ಎಲ್ಲವೂ ಅಲ್ಲಿವೆ. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯ ಮೇಲೆ ಬರುವ ವಾಡಿಕೆಯೂ ಉಂಟು. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಹಾದಿ ತೆರೆದು ಬಾಗಲಕೋಟೆ, ಬಾದಾಮಿಗಳಲ್ಲಿ ನಿಲ್ದಾಣ ಬಂದ ಮೇಲೂ ಹಳ್ಳಿಗರ ಜಾತ್ರೆಯ ಪ್ರಯಾಣ ಬಹುಕಾಲ ಬಂಡಿಯದ್ದೇ ಆಗಿತ್ತು.

ರೊಟ್ಟಿ ಬುತ್ತಿ ಕಟ್ಟಿಕೊಂಡು, ಊರಿನ ನಾಲ್ಕೆಂಟು ಮನೆಯವರು ಕೂಡಿ, ಬಿಸಿಲು ತಪ್ಪಿಸಲು ರಾತ್ರಿಯೇ ಹೂಡುತ್ತಿದ್ದರು. ತಟ್ಟಿ ಕಟ್ಟಿದ ಕೊಲ್ಲಾರಿ ಬಂಡಿಯೊಳಗೆ ಹೆಂಗಸರು, ಮಕ್ಕಳು. ಮೂಕಿಯ ಮೇಲೆ ಹರೆಯದ ಹುಡುಗ. ಹುಣ್ಣಿಮೆಯ ಸಮೀಪದ ಬೆಳದಿಂಗಳು, ಬನಶಂಕರಿಯ ಕಡೆಗೆ ನೇರ ಹೋಗುವ ದಾರಿ, ಹಿಂದಿನಿಂದ ಗೆಳೆಯನ ಬಂಡಿಯ ಗೆಜ್ಜೆಯ ಸದ್ದು. ಇಷ್ಟಾದರೆ ಯಾವ ಹುಡುಗನ ಕೈ ಸುಮ್ಮನಿದ್ದೀತು? ಹಗ್ಗ ಸಡಿಲ ಬಿಟ್ಟು, ನಾಲಗೆ ಲೊಟ್ಟೆ ಹೊಡೆದರೆ ಎತ್ತುಗಳಿಗೂ ಹುರುಪು. ಮುಂದಿನ ಹಳ್ಳದ ತನಕ, ಇಲ್ಲವೆ ಬನ್ನಿಗಿಡದ ತನಕ, ಯಾರು ಮೊದಲು? ಒಳಗಿದ್ದ ಅಜ್ಜಿಯ ಬೈಗುಳ ಗಾಲಿಯ ಸದ್ದಿನಲ್ಲಿ ಕರಗುತ್ತಿತ್ತು. ಬಹುಮಾನವಿಲ್ಲ, ನಿರ್ಣಾಯಕರಿಲ್ಲ, ಗೆದ್ದವನಿಗೆ ಹೆಚ್ಚೆಂದರೆ ಜಾತ್ರೆಯಲ್ಲಿ ಸೋತವನ ಕೈಯಿಂದ ಮಿರ್ಚಿ ಭಜಿ. ಇಂದಿನ ಗೆಳೆಯರ ರಾತ್ರಿ ಓಟಕ್ಕೆ ಈ ನಾಡಿನಲ್ಲಿ ಹತ್ತಿರದ ಹಿರಿಯ ಎಂದರೆ ಈ ಜಾತ್ರೆಯ ದಾರಿಯೇ.

ದಾರಿಯ ಆಟ ಕಣಕ್ಕೆ ಬಂದಾಗ ನಿಯಮ ಹುಟ್ಟಿದವು. ಮರಾಠಿ ಸೀಮೆಗೆ ತಾಗಿದ ಜಮಖಂಡಿ, ಮುಧೋಳದ ಕಡೆ ಇದಕ್ಕೆ ಶರ್ಯತ್ತು ಎನ್ನುತ್ತಾರೆ. ಅಲ್ಲಿಂದ ಬಾಗಲಕೋಟೆ, ಹುನಗುಂದದವರೆಗೂ ಊರ ದೇವರ ಜಾತ್ರೆ, ಓಕುಳಿ, ಉರುಸುಗಳಿಗೆ ಜೋಡೆತ್ತಿನ ಗಾಡಿಯ ಓಟ ಸೇರಿಕೊಂಡಿತು. ಸುಗ್ಗಿ ಮುಗಿದ ಖಾಲಿ ಹೊಲವೇ ಮೈದಾನ. ಗಾಡಿಯನ್ನು ಆದಷ್ಟು ಹಗುರ ಮಾಡುತ್ತಾರೆ, ಸವಾರನೂ ಸಣ್ಣ ಮೈಯವನೇ ಆಗಬೇಕು. ಎತ್ತುಗಳಿಗೆ ಹತ್ತಿಕಾಳು, ಹಿಂಡಿ, ಹುರುಳಿ. ಬಿದಿರಿನ ಗೊಟ್ಟದಿಂದ ಎಣ್ಣೆ, ಮೊಟ್ಟೆ ಕುಡಿಸುವ ಕಾರಹುಣ್ಣಿಮೆಯ ಉಪಚಾರ ಓಟದ ಎತ್ತಿಗೆ ವರ್ಷವಿಡೀ.

ಆದರೆ ಈ ಸೀಮೆಯ ನಿಜವಾದ ಸ್ವಭಾವ ಕಾಣುವುದು ತೆರಬಂಡಿಯಲ್ಲಿ. ಇಲ್ಲಿ ಎದುರಾಳಿ ಪಕ್ಕದಲ್ಲಿ ಓಡುವುದಿಲ್ಲ. ಸಮಯ ಗೊತ್ತುಮಾಡಿರುತ್ತಾರೆ, ಒಂದೊಂದೇ ಜೋಡಿ ಕಣಕ್ಕಿಳಿಯುತ್ತದೆ, ಸೀಟಿ ಊದುವಷ್ಟರಲ್ಲಿ ಎಷ್ಟು ದೂರ ಹೋಯಿತೋ ಟೇಪು ಹಿಡಿದು ಅಳೆಯುತ್ತಾರೆ. ಇನ್ನೂ ಕಠಿಣವಾದದ್ದು ಗಾಲಿ ಕಟ್ಟಿ ಎಳೆಸುವ ಪಂದ್ಯ. ಬಂಡಿಯ ಗಾಲಿಗಳು ಉರುಳದಂತೆ ಹಗ್ಗದಿಂದ ಬಿಗಿದುಬಿಡುತ್ತಾರೆ. ಉರುಳಬೇಕಾದದ್ದು ಜಾರಬೇಕು, ಹಳಿ ನೆಲವನ್ನು ಗೀರುತ್ತ ಹೋಗಬೇಕು. ಮೊದಲ ಎರಡು ಹೆಜ್ಜೆಯಲ್ಲೇ ಪಂದ್ಯದ ಗತಿ ಗೊತ್ತಾಗುತ್ತದೆ. ಎತ್ತುಗಳು ತಲೆ ತಗ್ಗಿಸಿ, ಮುಂಗಾಲು ಮಡಚಿ, ಗೊರಸು ನೆಲಕ್ಕೆ ನೆಟ್ಟು, ನೊಗಕ್ಕೆ ಹೆಗಲು ಕೊಡುತ್ತವೆ. ಎರಡೂ ಒಂದೇ ಗಳಿಗೆಗೆ ಜಗ್ಗಿದರೆ ಬಂಡಿ ಕದಲುತ್ತದೆ. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ನೊಗ ಓರೆಯಾಗಿ ಬಲವೆಲ್ಲ ವ್ಯರ್ಥ. ಜೋಡಿ ಕೂಡುವುದು ಎಂಬ ಮಾತಿಗೆ ಇಲ್ಲಿ ಇರುವ ತೂಕ ಬೇರೆಲ್ಲೂ ಇಲ್ಲ. ವರ್ಷಗಟ್ಟಲೆ ಒಂದೇ ಗೋದಲಿಯಲ್ಲಿ ಮೇಯ್ದು, ಒಂದೇ ಸಾಲಿನಲ್ಲಿ ನಡೆದ ಎತ್ತುಗಳಿಗಷ್ಟೇ ಅದು ಸಾಧ್ಯ. ಎರೆಮಣ್ಣಿನಲ್ಲಿ ಹೂತ ಬಂಡಿಯನ್ನು ಕಿತ್ತು ತರುವ ದಿನನಿತ್ಯದ ಕೆಲಸವೇ ಇಲ್ಲಿ ಪಂದ್ಯವಾಗಿದೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುವುದೂ ಇದೇ ಬಳಗದ ಆಟ.

ದೂರದ ಅಮೆರಿಕದ ರೈತರೂ ಇದನ್ನೇ ಮಾಡಿದರು. ಕುದುರೆಗಳಿಂದ ಭಾರ ಎಳೆಸಿ ಪೈಪೋಟಿ ನಡೆಸುತ್ತಿದ್ದವರು 1929ರಲ್ಲಿ ಮಿಸೌರಿ ಮತ್ತು ಒಹಾಯೊ ರಾಜ್ಯಗಳ ಎರಡು ಸಣ್ಣ ಊರುಗಳಲ್ಲಿ ಟ್ರ್ಯಾಕ್ಟರುಗಳನ್ನು ಕಣಕ್ಕಿಳಿಸಿದರು. ಬಾಗಲಕೋಟೆಯ ರೈತನಿಗೆ ಅವರ ಸುದ್ದಿ ತಿಳಿದಿರಬೇಕಾದ್ದಿಲ್ಲ. ಉಳುವವರ ಕೈಗೆ ಬಲವಿರುವ ಏನೇ ಬಂದರೂ ಅದನ್ನು ನೆರೆಯವನ ಎದುರು ಪರೀಕ್ಷಿಸಿ ನೋಡುವ ಆಸೆ ಎಲ್ಲ ಕಡೆಯೂ ಒಂದೇ.

ತೆರಬಂಡಿಗಿಂತ ಕರಾವಳಿಯ ಕಂಬಳದಲ್ಲಿ, ಅಂದರೆ ಕೋಣಗಳ ಓಟದಲ್ಲಿ, ಗಡಿಯಾರ ಇನ್ನಷ್ಟು ಸೂಕ್ಷ್ಮ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವನ್ನೇ ಸುತ್ತಿತು. ಬಯಲುಸೀಮೆಯ ಬಂಡಿ ಓಟಕ್ಕೆ ಅಂಥ ದಾಖಲೆಯ ಭಾಗ್ಯ ಸಿಕ್ಕಿಲ್ಲ. ಇಲ್ಲಿಯ ಗೆಲುವುಗಳು ಊರ ನಾಲಗೆಯ ಮೇಲೆ ಉಳಿದಿವೆ, ಎತ್ತಿನ ಹೆಸರಿನೊಂದಿಗೆ. ಯಾವ ಊರಿನ ಯಾವ ಜೋಡಿ ಯಾವ ಜಾತ್ರೆಯಲ್ಲಿ ಎಷ್ಟು ಅಡಿ ಹೋಯಿತು ಎಂಬುದನ್ನು ಬರೆದಿಡುವ ಕೆಲಸ ತುರ್ತಾಗಿ ಆಗಬೇಕಿದೆ.

ಬರೆದಿಡಬೇಕಾದ ಇನ್ನೊಂದು ಅಧ್ಯಾಯ ನ್ಯಾಯಾಲಯದ್ದು. 2011ರ ಜುಲೈಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜತೆಗೆ ಎತ್ತಿನಗಾಡಿ ಓಟಗಳನ್ನೂ ನಿಷೇಧಿಸಿತು. ಹಳ್ಳಿಗಳಲ್ಲಿ ಕಣಗಳು ಖಾಲಿಯಾದವು. 2017ರ ಆರಂಭದಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿನ ಪರವಾಗಿ ಚಳವಳಿ ಎದ್ದ ಬೆನ್ನಿಗೆ ಕರ್ನಾಟಕ ವಿಧಾನಸಭೆಯೂ ಫೆಬ್ರುವರಿಯಲ್ಲಿ ಇಂಥ ಓಟಗಳಿಗೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ ಒಪ್ಪಿತು. ಜುಲೈನಲ್ಲಿ ಸುಗ್ರೀವಾಜ್ಞೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ. ಹೆಸರು ಕಂಬಳದ್ದು ದೊಡ್ಡದಾಗಿ ಕೇಳಿಸಿದರೂ ಎತ್ತಿನಗಾಡಿ ಓಟವೂ ಅದೇ ಕಾಯಿದೆಯ ನೆರಳಿಗೆ ಬಂತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಆ ನಿಷೇಧವನ್ನು ಬರೀ ಪಟ್ಟಣದವರ ಅಜ್ಞಾನ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಬಾರಕೋಲಿನ ತುದಿಗೆ ಮೊಳೆ ಹೊಡೆಯುವುದು, ಬಾಲ ತಿರುವುವುದು, ಕಚ್ಚುವುದು, ಇವೆಲ್ಲ ಕಣದಲ್ಲಿ ನಡೆದಿವೆ. ಅದನ್ನು ಸಂಪ್ರದಾಯ ಎಂದು ಕರೆದರೆ ಬಸವನಿಗೆ ಕೈಮುಗಿಯುವ ನಾಡಿಗೆ ಅವಮಾನ. ಹಿಂದೆ ನಾಳೆ ಬೆಳಿಗ್ಗೆ ಇದೇ ಎತ್ತು ಹೊಲಕ್ಕೆ ಹೋಗಬೇಕು ಎಂಬ ಎಚ್ಚರ ಒಡೆಯನ ಕೈಯನ್ನು ತಡೆಯುತ್ತಿತ್ತು. ಬಹುಮಾನ ಸಾವಿರಗಳಿಂದ ಲಕ್ಷಕ್ಕೆ, ಬೈಕಿಗೆ, ಬಂಗಾರಕ್ಕೆ ಏರಿದಾಗ ಆ ತಡೆ ಸಡಿಲವಾಯಿತು. ಬಾರಕೋಲು ಇಲ್ಲದೆ, ಬರೀ ದನಿ ಮತ್ತು ಹಗ್ಗದಿಂದ ಓಡಿಸುವ ಪಂದ್ಯಗಳೂ ಇವೆ. ಕಲೆ ಇರುವುದು ಅಲ್ಲೇ.

ಕೋರ್ಟಿಗಿಂತ ದೊಡ್ಡ ಏಟು ಕೊಟ್ಟದ್ದು ಟ್ರ್ಯಾಕ್ಟರು ಮತ್ತು ನೀರು. ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಹಿನ್ನೀರು ಏರುತ್ತ ಬಂದಾಗ ಬಾಗಲಕೋಟೆಯ ಹಳೆಯ ಪೇಟೆಯ ದೊಡ್ಡ ಭಾಗ, ಸುತ್ತಲಿನ ಹಳ್ಳಿಗಳು, ಹೊಳೆದಂಡೆಯ ಮೇವಿನ ನೆಲ ಎಲ್ಲವೂ ಮುಳುಗಿದವು. ನವನಗರ ಎದ್ದಿತು, ಪುನರ್ವಸತಿ ಕೇಂದ್ರಗಳು ಎದ್ದವು. ಮನೆಯೊಳಗೇ ದನ ಕಟ್ಟುತ್ತಿದ್ದ ಹಳೆಯ ಮನೆಗಳ ಜಾಗಕ್ಕೆ ಅಳತೆಯ ನಿವೇಶನಗಳು ಬಂದವು. ಅಲ್ಲಿ ಗೋದಲಿಗೆ ಎಡೆಯೆಲ್ಲಿ? ಬಾಗಲಕೋಟೆಯ ಹೋಳಿಯಲ್ಲಿ ಓಣಿ ಓಣಿಗಳಿಂದ ಹೊರಡುವ ಬಣ್ಣದ ಬಂಡಿಗಳನ್ನೇ ನೋಡಿದರೆ ಸಾಕು. ಬ್ಯಾರಲ್ಲುಗಳು ಇಂದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಬರುತ್ತವೆ.

ಹಳೆಯ ಹಂಬಲ ಮಾತ್ರ ಹೊಸ ಯಂತ್ರಕ್ಕೆ ಬಲುಬೇಗ ಒಗ್ಗಿಕೊಂಡಿತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗೆ ಜನ ಕಿಕ್ಕಿರಿಯುತ್ತಾರೆ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಹೋಗುವ ಈ ಪಂದ್ಯದಲ್ಲಿ ವೇಗದಷ್ಟೇ ನಿಧಾನವೂ ಬೇಕು. ಕಬ್ಬಿನ ಗದ್ದೆಯ ಇಕ್ಕಟ್ಟಿನಲ್ಲಿ ಪಳಗಿದ ಡ್ರೈವರುಗಳೇ ಇಲ್ಲಿ ಗೆಲ್ಲುವುದು. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಎಳೆಸುವ ಜಗ್ಗಾಟ ಇದಕ್ಕಿಂತ ಅಪಾಯದ್ದು. ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ, ಕರಿಹೊಗೆ ಉಗುಳುತ್ತ ಎಂಜಿನ್ ಕಿರುಚುತ್ತದೆ, ಸುತ್ತಲೂ ಬೇಲಿಯಿಲ್ಲದೆ ನಿಂತ ಹುಡುಗರು ಹೌದ ಹುಲಿಯಾ ಎಂದು ಕೂಗುತ್ತಾರೆ. ಎತ್ತು ಸೋತರೆ ನಿಲ್ಲುತ್ತದೆ. ಟ್ರ್ಯಾಕ್ಟರು ಮಗುಚಿದರೆ ಕೆಳಗಿದ್ದವನು ಬದುಕುವುದು ಕಷ್ಟ.

ಇನ್ನು ಹೆದ್ದಾರಿ. ಹಿಂದೆ 13ನೇ ನಂಬರಿನದಾಗಿದ್ದ, ಈಗ 50ನೇ ನಂಬರು ಹೊತ್ತ ರಾಷ್ಟ್ರೀಯ ಹೆದ್ದಾರಿ ಹುನಗುಂದ, ಇಳಕಲ್ಲನ್ನು ಹಾದು ನಾಲ್ಕು ಪಥಗಳಲ್ಲಿ ಹೊಸಪೇಟೆಯ ಕಡೆ ಚಾಚಿದೆ. ಇಳಕಲ್ಲಿನ ಗ್ರಾನೈಟು ಹೊತ್ತ ಲಾರಿಗಳು ಹಗಲೂ ರಾತ್ರಿ ಇದರ ಮೇಲೆ ಓಡುತ್ತವೆ. ಬೈಕು, ಕಾರು ಕೈಗೆ ಬಂದ ಹುಡುಗರಿಗೆ ಇಂಥ ರಸ್ತೆ ಕಂಡರೆ ಅವರ ಮುತ್ತಜ್ಜರಿಗೆ ಜಾತ್ರೆಯ ದಾರಿ ಕಂಡಾಗ ಆದದ್ದೇ ಆಗುತ್ತದೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000 ರೂಪಾಯಿ. ಎದುರಿಗೆ ಬರುವ ಲಾರಿಗೆ ಈ ಕಲಮು ಗೊತ್ತಿರುವುದಿಲ್ಲ ಎಂಬುದನ್ನು ಹುಡುಗರು ನೆನಪಿಡಬೇಕು. ಕ್ಯಾಲಿಫೋರ್ನಿಯಾದ ಹುಡುಗರನ್ನು ಬೀದಿಯಿಂದ ಬಿಡಿಸಿದ್ದು ಪೊಲೀಸರಷ್ಟೇ ಅಲ್ಲ, ಅವರಿಗೆ ಸಿಕ್ಕ ಪ್ರತ್ಯೇಕ ಪಟ್ಟಿಗಳು. ಈ ಭಾಗದಲ್ಲಿ ಅಂಥದ್ದೊಂದು ಜಾಗದ ಬಗ್ಗೆ ಯಾರೂ ಗಂಭೀರವಾಗಿ ಯೋಚಿಸಿಲ್ಲವೆನ್ನುವುದು ಕೊರತೆಯೇ.

ಎತ್ತಿನ ಪಾಡು ಈಗ ತಿರುವುಮುರುವಾಗಿದೆ. 2019ರ ಜಾನುವಾರು ಗಣತಿ ಹೇಳುವಂತೆ ದೇಶದಲ್ಲಿ ನಾಟಿ ದನಗಳ ಸಂಖ್ಯೆ ಹಿಂದಿನ ಗಣತಿಗಿಂತ ಶೇ 6ರಷ್ಟು ಇಳಿದಿದೆ. ಉಳುಮೆ, ಹರಗುವುದು, ರಾಶಿ, ಸಾಗಾಟ ಎಲ್ಲಕ್ಕೂ ಯಂತ್ರ ಬಂದ ಮೇಲೆ ಎತ್ತು ಸಾಕುವುದು ನಷ್ಟದ ಬಾಬತ್ತು. ಆದರೂ ಕಿಲಾರಿ ಜೋಡಿ ಕಟ್ಟಿದ ಮನೆಗಳಿವೆ. ಅಲ್ಲಿ ಟ್ರ್ಯಾಕ್ಟರಿನಿಂದ ಹೊಲ ಉತ್ತು, ಎತ್ತಿಗೆಂದೇ ಮೇವು ಬೆಳೆದು, ಬೆಳಿಗ್ಗೆ ಎದ್ದು ಅವನ್ನು ನಡೆದಾಡಿಸಿ ಬರುತ್ತಾರೆ. ಒಂದು ಕಾಲಕ್ಕೆ ಹೊಲಕ್ಕಾಗಿ ಎತ್ತು, ಎತ್ತು ಇದ್ದುದರಿಂದ ಓಟ. ಈಗ ಓಟ ಇರುವುದರಿಂದ ಎತ್ತು ಉಳಿದಿದೆ. ತಳಿಯನ್ನು ಉಳಿಸಿದ ಪುಣ್ಯದಲ್ಲಿ ಈ ಶರ್ಯತ್ತಿನವರ ಪಾಲು ದೊಡ್ಡದು. ಎರೆಮಣ್ಣಿಗೆಂದು ಹುಟ್ಟಿದ ಕೃಷ್ಣಾ ಕಣಿವೆಯ ಭಾರೀ ಎತ್ತಿಗೆ ಅಂಥ ಅಭಿಮಾನಿಗಳು ಸಿಗಲಿಲ್ಲ, ಅದು ಸೊರಗಿತು.

ಬನಶಂಕರಿಯ ದನದ ಸಂತೆಯಲ್ಲಿ ಈ ಬದಲಾವಣೆ ಬೆಲೆಯಾಗಿ ಕಾಣುತ್ತದೆ. ಕೊಳ್ಳುವವನು ಈಗಲೂ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ಬಿರುಕು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಹಿಂಗಾಲು ಎಲ್ಲಿ ಬೀಳುತ್ತದೆಂದು ಗಮನಿಸುತ್ತಾನೆ. ಹಿಂದೆ ಮುಂದಿನ ಪ್ರಶ್ನೆ ರಂಟೆಗೆ ನಡೆಯುತ್ತದೋ, ಬಂಡಿಗೆ ಹೆದರುತ್ತದೋ ಎಂದಾಗಿತ್ತು. ಈಗ ಮಾರುವವನೇ ಮೊಬೈಲು ಮುಂದೆ ಹಿಡಿದು ಹಿಂದಿನ ಪಂದ್ಯದ ವಿಡಿಯೊ ತೋರಿಸುತ್ತಾನೆ. ವ್ಯಾಪಾರ ಅಲ್ಲಿಂದ ಶುರು.